ಸಿಂಗರಿಸಿಕೊಂಡು ಬಂದ ರೋಗಿ

ಮೊನ್ನೆ ಇಬ್ಬರು ಹುಡುಗಿಯರು ಕೋಲಾರದ ನನ್ನ ಮನೆಗೆ ಬಂದಿದ್ದರು. ಇಬ್ಬರೂ ಪಶುವೈದ್ಯ ಓದು ಮುಗಿಸಿ, ಸರ್ಕಾರಿ ಕೆಲಸಕ್ಕೆ ಆಯ್ಕೆಯಾಗಿ, ಇನ್ನೇನು ಆಸ್ಪತ್ರೆಯ ಮೆಟ್ಟಿಲು ಹತ್ತಬೇಕಾದವರು. ಒಬ್ಬಳಿಗೆ ಮಾಲೂರು ತಾಲ್ಲೂಕು, ಇನ್ನೊಬ್ಬಳಿಗೆ ಶ್ರೀನಿವಾಸಪುರ. ಕಾಫಿ ಕುಡಿದು ಲೋಟ ಕೆಳಗಿಟ್ಟವರೇ, "ಮೇಡಂ, ಫೀಲ್ಡಿಗೆ ಹೋದಮೇಲೆ ಮೊದಲು ಏನು ಕಲೀಬೇಕು?" ಎಂದರು. ಶ್ರೀನಿವಾಸಪುರದವಳಿಗೆ "ತೆಲುಗು" ಎಂದೆ. ಇಬ್ಬರೂ ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ಆಂಧ್ರದ ಗಡಿಗೆ ಅಂಟಿಕೊಂಡಿರುವ ರಾಯಲ್ಪಾಡು ಕಡೆ ಹಸುವಿಗೆ ಕನ್ನಡದಲ್ಲಿ ಎಷ್ಟು ಬೇಡಿಕೊಂಡರೂ ಅದು ಅಲ್ಲಾಡುವುದಿಲ್ಲ. "ಜರಗವೇ" ಎಂದು ತೆಲುಗಿನಲ್ಲಿ ಒಂದು ಮಾತು ಅಂದರೆ ಸಾಕು, ಗೋಡೆ ಕಡೆಗೆ ಸರಿದು ದಾರಿ ಬಿಡುತ್ತದೆ.

ಹುಡುಗಿಯರು ಹೋದಮೇಲೆ ಅನ್ನಿಸಿತು, ಇನ್ನೂ ನಾಲ್ಕು ಮಾತು ಹೇಳಬಹುದಿತ್ತು ಎಂದು. ಅದಕ್ಕೇ ಬರೆಯಲು ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಹಾರ ಹಾಕಿದರು ಎಂಬುದೆಲ್ಲ ಇಲ್ಲಿಲ್ಲ. ಅದು ನನಗೂ ಸರಿಯಾಗಿ ನೆನಪಿಲ್ಲ, ಓದುವವರಿಗೂ ಬೇಕಿಲ್ಲ. ನೆನಪಿರುವುದು ರೋಗಿಗಳು. ಅದರಲ್ಲೂ ತಮಗೆ ಏನಾಗಿದೆ ಎಂದು ಬಾಯಿಬಿಟ್ಟು ಹೇಳಲಾಗದ ರೋಗಿಗಳು, ಮತ್ತು ಅವುಗಳ ಪರವಾಗಿ ಬೇಕಾದ್ದು ಬೇಡದ್ದು ಎಲ್ಲವನ್ನೂ ಹೇಳುವ ಅವುಗಳ ಮನೆಯವರು.

ನಾನು ಕೆಲಸಕ್ಕೆ ಸೇರಿದ ಮೊದಲ ಊರು ಮುಳಬಾಗಿಲು ತಾಲ್ಲೂಕಿನ ತಾಯಲೂರು. ಬಸ್ಸಿಳಿದು ಆಸ್ಪತ್ರೆಗೆ ಹೋದ ದಿನ ಎಮ್ಮೆ ಹಿಡಿದು ನಿಂತಿದ್ದ ಯಜಮಾನರೊಬ್ಬರು ನನ್ನನ್ನು ನೋಡಿ, ನನ್ನ ಬೆನ್ನ ಹಿಂದೆ ಇಣುಕಿ, "ಡಾಕ್ಟ್ರು ಹಿಂದ್ಗಡೆ ಬಸ್ಸಿಗೆ ಬರ್ತಾರಾಮ್ಮ?" ಎಂದು ಕೇಳಿದರು. "ನಾನೇ ಡಾಕ್ಟ್ರು" ಎಂದೆ. ಅವರು ಎಮ್ಮೆಯ ಮುಖವನ್ನೊಮ್ಮೆ ನೋಡಿದರು, ಅದರ ಅಭಿಪ್ರಾಯ ಏನೆಂದು ತಿಳಿಯುವವರಂತೆ. ಎಮ್ಮೆಗೆ ಯಾವ ತಕರಾರೂ ಇರಲಿಲ್ಲ. ಅದರ ಹೊಟ್ಟೆಯುಬ್ಬರ ಇಳಿದಮೇಲೆ ಯಜಮಾನರ ತಕರಾರೂ ಇಳಿಯಿತು. ಮಾರನೆಯ ವಾರ ಅದೇ ಮನುಷ್ಯ ಊರಿನವರಿಗೆಲ್ಲ "ನಮ್ಮ ಡಾಕ್ಟ್ರಮ್ಮ" ಎಂದು ನನ್ನನ್ನು ತೋರಿಸುತ್ತಿದ್ದರು.

ಆಗ ಪರೀಕ್ಷೆ ಎಂದರೆ ಒಂದು ಹಳೆಯ ಸೂಕ್ಷ್ಮದರ್ಶಕ. ಅದಕ್ಕೆ ಬಲ್ಬಿರಲಿಲ್ಲ, ಕೆಳಗೊಂದು ಪುಟ್ಟ ಕನ್ನಡಿ. ಬಿಸಿಲು ಹಿಡಿದು ನೋಡಬೇಕು. ಬೆಳಿಗ್ಗೆ ಪೂರ್ವದ ಕಿಟಕಿಯ ಹತ್ತಿರ ಮೇಜು, ಮಧ್ಯಾಹ್ನದ ಮೇಲೆ ಪಶ್ಚಿಮದ ಬಾಗಿಲ ಹತ್ತಿರ. ಮೋಡ ಕವಿದರೆ ರೋಗ ಪತ್ತೆಯಾಗುವುದು ಮಾರನೆಯ ದಿನವೇ. ಈಗಿನವರಿಗೆ ಬಲ್ಬಿದೆ, ಕಿಟ್ಟಿದೆ, ಕಂಡದ್ದನ್ನು ಫೋನಿನಲ್ಲಿ ಹಿಡಿದು ಕಳಿಸಿದರೆ ಉತ್ತರ ಹೇಳುವ ಸ್ನೇಹಿತರಿದ್ದಾರೆ. ಹೊಟ್ಟೆಕಿಚ್ಚು ಪಡುತ್ತಿದ್ದೇನೆ ಎಂದುಕೊಳ್ಳಬೇಡಿ, ಸ್ವಲ್ಪ ಪಡುತ್ತೇನೆ.

ಇನ್ನೊಂದು ಕಷ್ಟವಿತ್ತು. ನಮ್ಮದು ಹಾಲಿನ ಜಿಲ್ಲೆ. ಆಸ್ಪತ್ರೆ ಇರುವುದೇ ಸೀಮೆಹಸುಗಳಿಗೆ ಎಂದು ಜನ ನಂಬಿದ್ದರು, ನಮ್ಮ ಮೇಲಧಿಕಾರಿಗಳೂ ನಂಬಿದ್ದರು. ನಾನು ನಾಯಿಯೊಂದರ ರಕ್ತವನ್ನು ಕೋಲಾರದ ಲ್ಯಾಬಿಗೆ ಕಳಿಸಿದ್ದು ಒಬ್ಬ ಸಾಹೇಬರ ಕಿವಿಗೆ ಬಿತ್ತು. ಮೀಟಿಂಗಿನಲ್ಲಿ ಎಲ್ಲರ ಎದುರು, "ಏನಮ್ಮಾ, ನಾಯಿಗೂ ರಕ್ತ ಪರೀಕ್ಷೆನಾ? ನಾಯಿ ಹಾಲು ಕೊಡುತ್ತಾ?" ಎಂದರು. "ಕೊಡುತ್ತೆ ಸರ್. ಡೇರಿಗೆ ಹಾಕಲ್ಲ ಅಷ್ಟೇ" ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕೆಟ್ಟ ಮನುಷ್ಯರಲ್ಲ. ಆಮೇಲೆ ಅವರ ಮಗಳು ನಾಯಿ ಸಾಕಿದಳು. ಅದು ಒಂದು ಸಲ ಸೀನಿದರೂ ನನಗೇ ಫೋನು ಬರುತ್ತಿತ್ತು.

ಮಾಲೂರು ತಾಲ್ಲೂಕಿನ ಟೇಕಲ್‌ನಲ್ಲಿದ್ದಾಗಿನ ಒಂದು ಪ್ರಸಂಗ ನೆನೆದರೆ ಈಗಲೂ ನಗು ಬರುತ್ತದೆ. ಅಲ್ಲಿಯ ದಂಪತಿಗಳಿಬ್ಬರು ತಮ್ಮ ಹಳದಿ ನಾಯಿಯನ್ನು ತಂದರು. ತಿಂದದ್ದೆಲ್ಲ ವಾಂತಿ. ಹೊಟ್ಟೆ ಒತ್ತಿ ನೋಡಿದರೆ ಏನೋ ಗಟ್ಟಿಯಾಗಿ ಸಿಗುತ್ತದೆ, ಮತ್ತೆ ಜಾರುತ್ತದೆ. ಎಕ್ಸ್‌ರೇ ಬೇಕು. ನಾಯಿಗೆ ಎಕ್ಸ್‌ರೇ ಎಂದರೆ ಆಗ ಬೆಂಗಳೂರಿಗೇ ಹೋಗಬೇಕಿತ್ತು. ನಾನು ಮಾಲೂರಿನಲ್ಲಿ ಮನುಷ್ಯರ ಎಕ್ಸ್‌ರೇ ತೆಗೆಯುವ ಪರಿಚಯದವರೊಬ್ಬರನ್ನು ಕಾಡಿ ಬೇಡಿ ಒಪ್ಪಿಸಿದೆ. ಊಟದ ಹೊತ್ತಿನಲ್ಲಿ ಬಾಗಿಲು ಹಾಕಿದಮೇಲೆ ಹಿಂದಿನ ಬಾಗಿಲಿನಿಂದ ಕರೆತನ್ನಿ ಎಂದರು. ಹಾಗೇ ಮಾಡಿದೆವು. ನಾಯಿ ಮನುಷ್ಯರಿಗಿಂತ ಚೆನ್ನಾಗಿ ಮಲಗಿತು; ಉಸಿರು ಬಿಗಿ ಹಿಡಿ ಎಂದದ್ದೊಂದನ್ನು ಮಾತ್ರ ಕೇಳಲಿಲ್ಲ.

ಫಿಲ್ಮನ್ನು ಬೆಳಕಿಗೆ ಹಿಡಿದರೆ ಹೊಟ್ಟೆಯೊಳಗೆ ದುಂಡಗೆ, ಬೆಳ್ಳಗೆ, ಸ್ಪಷ್ಟವಾಗಿ ಒಂದು ಕಾಲುಂಗುರ! ಹೆಂಡತಿ ಅದನ್ನು ನೋಡಿದವಳೇ ಗಂಡನ ಕಡೆ ತಿರುಗಿದಳು. "ನೋಡ್ದ್ಯಾ? ಮಾರ್ಕೊಂಡೆ, ಕುಡ್ದೆ ಅಂತ ನಿನ್ನ ಬೈಯ್ತಿದ್ನಲ್ಲ, ಅದು ಇಲ್ಲೈತೆ." ಗಂಡ ಬಗ್ಗಿ ನಾಯಿಯ ತಲೆಗೆ ಮುತ್ತಿಟ್ಟ. ಬಾಳೆಹಣ್ಣು, ಮೆತ್ತನೆಯ ಅನ್ನ ಹಾಕಿ ಕಾದೆವು. ಕಾಲುಂಗುರ ತನ್ನ ದಾರಿ ತಾನೇ ಹುಡುಕಿಕೊಂಡು ಹೊರಗೆ ಬಂತು. ಅವಳು ಅದನ್ನು ಮತ್ತೆ ಹಾಕಿಕೊಂಡಳೋ ಇಲ್ಲವೋ, ನಾನು ಕೇಳಲಿಲ್ಲ.

ಇವೆಲ್ಲ ನಕ್ಕು ಮುಗಿಸುವ ಕಥೆಗಳು. ನಾನು ಹೇಳಲೇಬೇಕೆಂದಿರುವುದು ರಾಯಲ್ಪಾಡಿನ ನಲ್ಲೋಡಿನದು. ನಿವೃತ್ತಿಗೆ ಸ್ವಲ್ಪ ಮುಂಚೆ ನಾನು ಅಲ್ಲಿದ್ದೆ. ನಲ್ಲೋಡು ಎಂದರೆ ತೆಲುಗಿನಲ್ಲಿ ಕರಿಯ. ಊರಿಂದಾಚೆ ಮಾವಿನ ತೋಟದಲ್ಲಿ ಮನೆ ಮಾಡಿಕೊಂಡಿದ್ದ ಅಕ್ಕಾಯಮ್ಮನ ನಾಯಿ ಅದು. ಅಕ್ಕಾಯಮ್ಮ ಎಪ್ಪತ್ತು ದಾಟಿದ ಮುದುಕಿ, ತೆಳ್ಳಗೆ, ಚುರುಕು. ಮಗ ಟೊಮೆಟೊ ಲಾರಿ ಓಡಿಸುತ್ತ ದೂರದ ಮಾರುಕಟ್ಟೆಗಳಿಗೆ ಹೋಗುವವನು, ಅಪರೂಪಕ್ಕೆ ಮನೆಯಲ್ಲಿ ಕಾಣಿಸುವವನು. ತೋಟ, ಹಸು, ಮನೆ ಎಲ್ಲ ನೋಡಿಕೊಳ್ಳುತ್ತಿದ್ದವಳು ಸೊಸೆ ಸರೋಜಮ್ಮ.

ಒಂದು ಬೆಳಿಗ್ಗೆ ಸರೋಜಮ್ಮ ಸ್ಕೂಟರಿನಲ್ಲಿ ಬಂದಳು. ಹಿಂದೆ ಅತ್ತೆ, ಮುಂದೆ ಕಾಲಿಡುವ ಜಾಗದಲ್ಲಿ ನಾಯಿ. ನಾಯಿಯನ್ನು ನೋಡಿ ನಾನೂ ನಮ್ಮ ಕಾಂಪೌಂಡರ್ ಮುನಿವೆಂಕಟಪ್ಪನೂ ಮುಖಮುಖ ನೋಡಿಕೊಂಡೆವು. ಸೀಗೆಕಾಯಿ ಹಾಕಿ ಉಜ್ಜಿ ಮೀಯಿಸಿದ್ದಾರೆ, ಕರಿ ಮೈ ಮಿರಿಮಿರಿ ಮಿಂಚುತ್ತಿದೆ, ಹಣೆಗೆ ಕುಂಕುಮ, ಕೊರಳಿಗೆ ಹಳೆಯ ರೇಷ್ಮೆ ಸೀರೆಯ ಅಂಚು. ಹೆಣ್ಣು ನೋಡಲು ಬಂದವರ ಮುಂದೆ ಮಗಳನ್ನು ಕೂರಿಸುವ ಹಾಗೆ ಅಕ್ಕಾಯಮ್ಮ ಅದನ್ನು ನನ್ನ ಮುಂದೆ ಕೂರಿಸಿದಳು. ನಮ್ಮ ಕಡೆ ಇದು ಹೊಸದಲ್ಲ. ಆಸ್ಪತ್ರೆಗೆ ದನ ಹೊಡೆದುಕೊಂಡು ಬರುವಾಗ ಮೈ ತೊಳೆದು, ಕೊಂಬಿಗೆ ಎಣ್ಣೆ ಹಚ್ಚಿ ತರುತ್ತಾರೆ. ಕೊಳಕು ದನ ಕಂಡರೆ ಆ ಮನೆಯ ಹೆಂಗಸರ ಮಾನ ಹೋದಂತೆ. ಆದರೆ ಮುತ್ತೈದೆಯ ಹಾಗೆ ಕುಂಕುಮ ಇಟ್ಟುಕೊಂಡು ಬಂದ ಗಂಡು ನಾಯಿಯನ್ನು ನಾನು ನೋಡಿದ್ದು ಅದೇ ಮೊದಲು.

"ಏನಾಗಿದೆ ಸರೋಜಮ್ಮ?"

"ಇವ್ನು ಸರಿಯಾಗಿ ತಿಂದು ವಾರದ ಮೇಲಾಯ್ತು ಮೇಡಂ. ಎರಡು ಸಲ ಮೂಗಲ್ಲಿ ರಕ್ತ ಬಂತು. ಬೊಗಳಲ್ಲ, ಏಳಲ್ಲ. ಇವ್ನು ತಿನ್ನದಿದ್ರೆ ನಮ್ಮತ್ತೆ ಬಾಯಿಗೆ ಏನೂ ಇಕ್ಕಲ್ಲ. ಅವ್ರಿಗೆ ಶುಗರ್ ಬೇರೆ. ಮೊನ್ನೆ ತಲೆ ತಿರುಗಿ ಕೊಟ್ಟಿಗೆತಾವ ಕುಂತುಬಿಟ್ರು. ಹೆಂಗಾದ್ರೂ ಮಾಡಿ ಮೇಡಂ, ಇದು ಎರಡು ಜೀವದ ವಿಷಯ."

ಅಕ್ಕಾಯಮ್ಮ ಸೊಸೆಯನ್ನು ಕಣ್ಣಲ್ಲೇ ಗದರಿದಳು. ಆದರೆ ಮಾತು ನಿಜ. ನಲ್ಲೋಡು ಮಾವಿನ ಮರದ ಪಾತಿಯಲ್ಲಿ ಸಿಕ್ಕಿದ ಕಣ್ಣು ಬಿಡದ ಮರಿ. ಬಟ್ಟೆಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಚೀಪಿಸಿ ಬೆಳೆಸಿದವಳು ಅಕ್ಕಾಯಮ್ಮ. ಆ ಬತ್ತಿಯ ದಿನದಿಂದ ಅವಳದೊಂದು ಪದ್ಧತಿ: ಮೊದಲ ತುತ್ತು ನಾಯಿಯ ತಟ್ಟೆಗೆ, ಅದು ತಿಂದಮೇಲೆಯೇ ತಾನು ಮುದ್ದೆ ಮುರಿಯುವುದು. ಒಂದು ದಿನವೂ ತಪ್ಪಿಲ್ಲ ಎಂದಳು ಸರೋಜಮ್ಮ. ಶುಗರಿನ ಮಾತ್ರೆ ನುಂಗಿ ಹೊಟ್ಟೆಗೇನೂ ಹಾಕಿಕೊಳ್ಳದಿದ್ದರೆ ಏನಾಗುತ್ತದೆಂದು ತಿಳಿಯಲು ಮನುಷ್ಯರ ಡಾಕ್ಟರೇ ಆಗಬೇಕಿಲ್ಲ. ನನಗೆ ಒಳಗೇ ಭಯವಾಯಿತು.

ನಾಯಿಯ ತುಟಿ ಎತ್ತಿ ನೋಡಿದೆ. ಒಸಡು ಬಿಳಿಚಿಕೊಂಡಿತ್ತು. ಜ್ವರ ನೋಡಿದೆ, ಇಲ್ಲ. ನಮ್ಮ ಕಡೆ ಮೂಗಿನ ರಕ್ತ ಎಂದ ಕೂಡಲೇ ಮೊದಲು ನೆನಪಾಗುವುದು ಉಣ್ಣೆ ಜ್ವರ. ಚರ್ಮಕ್ಕೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ ಹುಳ ಹೀರುತ್ತಲೇ ರೋಗವನ್ನೂ ಬಿಟ್ಟು ಹೋಗುತ್ತದೆ.

"ಅವ್ವಾ, ಮೈಮೇಲೆ ಉಣ್ಣೆ ಇದ್ವಾ?"

"ಶಿವ ಶಿವಾ! ನಮ್ಮ ಮನೆ ನಾಯಿಗಾ? ನೋಡು ತಲ್ಲಿ, ನನ್ನ ತಾಯಿ, ಕಿವಿ ಬಗ್ಗಿಸಿ ನೋಡು. ಒಂದು ಇದ್ರೆ ನನ್ನ ಹೆಸರು ಬದಲಾಯಿಸು."

ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಎಲ್ಲ ಹುಡುಕಿದೆ. ಒಂದೂ ಇಲ್ಲ. ಆದರೂ ಒಂದು ಹನಿ ರಕ್ತ ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ನೋಡಿದೆ. ಅನುಮಾನದ ಗುರುತು ಏನೂ ಕಾಣಲಿಲ್ಲ. ಗಾಜಿನಲ್ಲಿ ಕಾಣದಿದ್ದ ಮಾತ್ರಕ್ಕೆ ರೋಗ ಇಲ್ಲ ಎಂದಲ್ಲ, ಇದನ್ನು ಹೊಸಬರು ಗೋಡೆಯ ಮೇಲೆ ಬರೆದುಕೊಳ್ಳಬಹುದು. ಹೊಟ್ಟೆಯ ಹುಳ ರಕ್ತ ಕುಡಿಯುತ್ತಿರಬಹುದೇ ಎಂದು ನಾಯಿಯ ಮಲ ತನ್ನಿ ಎಂದೆ. ಮಾರನೆಯ ದಿನ ಅಕ್ಕಾಯಮ್ಮ ಅದನ್ನು ಕುಂಕುಮದ ಭರಣಿಯಂಥ ಮುದ್ದಾದ ಡಬ್ಬಿಯಲ್ಲಿ, ಬಾಳೆಲೆ ಸುತ್ತಿ, ಸೊಸೆಯ ಕೈಲಿ ಕಳಿಸಿದಳು. ಅದರಲ್ಲಿ ಒಂದು ಹುಳದ ಮೊಟ್ಟೆಯೂ ಇಲ್ಲ. ಅಷ್ಟು ಶುದ್ಧವಾದ ಮಲವನ್ನು ನಾನು ಆ ತಾಲ್ಲೂಕಿನಲ್ಲೇ ನೋಡಿರಲಿಲ್ಲ.

ಉಳಿದದ್ದು ಇಲಿ ಪಾಷಾಣ. ಅದನ್ನು ತಿಂದ ನಾಯಿಗೂ ರಕ್ತ ಹೆಪ್ಪುಗಟ್ಟುವುದಿಲ್ಲ, ಮೂಗಿನಿಂದ ಸುರಿಯುತ್ತದೆ. "ಮಾವಿನಕಾಯಿ ಇಡೋ ಶೆಡ್ಡಲ್ಲಿ ಪಾಷಾಣ ಇಟ್ಟಿದ್ರಾ?" ಎಂದರೆ ಸರೋಜಮ್ಮ ಬಾಯಿಗೆ ಕೈ ಇಟ್ಟುಕೊಂಡಳು. ಇಟ್ಟಿದ್ದರು. ಸರಿ, ಅದಕ್ಕೆ ಬೇಕಾದ ಚುಚ್ಚುಮದ್ದು ಶುರು ಮಾಡಿದೆ. ಖಾತ್ರಿ ಮಾಡಿಕೊಳ್ಳಲು ರಕ್ತಕಣಗಳ ಎಣಿಕೆ ಆಗಬೇಕಿತ್ತು, ಅದಕ್ಕೆ ಕೋಲಾರದ ಲ್ಯಾಬು.

ರಾಯಲ್ಪಾಡಿನಿಂದ ಕೋಲಾರಕ್ಕೆ ಏನೇ ಹೋಗಬೇಕಾದರೂ ಬಸ್ಸಿನ ಕಂಡಕ್ಟರೇ ನಮ್ಮ ಅಂಚೆ. ಬೆಳಗಿನ ಬಸ್ಸಿನವನ ಕೈಗೆ ಐಸು ತುಂಬಿದ ಫ್ಲಾಸ್ಕು ಕೊಟ್ಟು, ಒಳಗೆ ರಕ್ತದ ಟ್ಯೂಬಿದೆ, ಸ್ಟ್ಯಾಂಡಿನಲ್ಲಿ ಲ್ಯಾಬಿನ ಹುಡುಗ ಬರುತ್ತಾನೆ ಎಂದು ಹೇಳಿ ಕಳಿಸಿದೆ. ದಾರಿಯಲ್ಲಿ ಡ್ಯೂಟಿ ಬದಲಾಯಿತು. ಬೇರೆ ಕಂಡಕ್ಟರು ಬಂದ. ಸಂಜೆ ಅವನು ಆಸ್ಪತ್ರೆ ಮುಂದೆ ಬಸ್ಸು ನಿಲ್ಲಿಸಿ ಇಳಿದು, ಅದೇ ಫ್ಲಾಸ್ಕನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟ. "ಮೇಡಂ, ನಿಮ್ದು ಕಾಫಿ ಫ್ಲಾಸ್ಕು ಸೀಟಿನ ಕೆಳ್ಗೆ ಮರ್ತುಬಿಟ್ಟಿದ್ರಿ. ಯಾರೋ ಗುರುತು ಹೇಳಿದ್ರು. ಯಾರ ಕೈಗೂ ಕೊಡ್ದೆ ಜೋಪಾನವಾಗಿ ತಂದಿವ್ನಿ." ಅವನ ಮುಖದಲ್ಲಿದ್ದ ಸಂತೋಷ ನೋಡಿ ನನಗೆ ಬಯ್ಯಲೂ ಆಗಲಿಲ್ಲ. ನಲ್ಲೋಡಿನ ರಕ್ತ ಕೋಲಾರ ನೋಡಿಕೊಂಡು ವಾಪಸ್ಸು ಬಂದಿತ್ತು, ಕೆಟ್ಟು.

ಮತ್ತೆ ರಕ್ತ ತೆಗೆದು, ಈ ಸಲ ಮುನಿವೆಂಕಟಪ್ಪನನ್ನೇ ಬಸ್ಸಿಗೆ ಹತ್ತಿಸಿದೆ. ಅಷ್ಟರಲ್ಲಿ ನಾಯಿ ಇನ್ನೂ ಸೊರಗಿತ್ತು. ಸರೋಜಮ್ಮ ಫೋನು ಮಾಡಿ ಮಾಡಿ ಹೇಳುತ್ತಿದ್ದಳು: "ಅವ್ನು ತಿಂದ ಅಂತ ಸುಳ್ಳು ಹೇಳಿದ್ರೆ ಅತ್ತೆ ಹೋಗಿ ತಟ್ಟೆ ನೋಡ್ಕೊಂಡು ಬರ್ತಾರೆ ಮೇಡಂ. ಬೈದು ಬಾಯಿ ಮಾಡಿ ಎರಡು ಗುಟುಕು ಗಂಜಿ ಕುಡಿಸ್ದೆ. ಅಷ್ಟೇ." ಆ ದಿನಗಳಲ್ಲಿ ನನಗೂ ಊಟ ರುಚಿಸುತ್ತಿರಲಿಲ್ಲ. ಇಷ್ಟು ವರ್ಷ ಕೆಲಸ ಮಾಡಿ, ಒಂದು ನಾಯಿಗೆ ಏನಾಗಿದೆ ಎಂದು ತಿಳಿಯುತ್ತಿಲ್ಲವಲ್ಲ ಎಂದು ಕೋಪ. ಯಾರ ಮೇಲೆ ಎಂದು ಗೊತ್ತಿಲ್ಲದ ಕೋಪ. ಪಾಪ, ಮುನಿವೆಂಕಟಪ್ಪ ಎದುರಿಗಿದ್ದ, ಅವನ ಮೇಲೆ ಬೀಳುತ್ತಿತ್ತು.

ರಿಪೋರ್ಟು ಬಂತು. ರಕ್ತ ಹೆಪ್ಪುಗಟ್ಟಿಸುವ ಕಣಗಳು, ಪ್ಲೇಟ್‌ಲೆಟ್ ಎನ್ನುತ್ತಾರಲ್ಲ, ಅವು ತೀರಾ ಕಡಿಮೆ. ಇಲಿ ಪಾಷಾಣಕ್ಕೆ ಇದು ಹೊಂದುವುದಿಲ್ಲ. ಇದು ಉಣ್ಣೆ ಜ್ವರದ್ದೇ ಲಕ್ಷಣ. ಆದರೆ ಉಣ್ಣೆ ಎಲ್ಲಿ? ಜ್ವರ ಎಲ್ಲಿ? ಬಂದಾಗಲೆಲ್ಲ ನಾಯಿಯ ಮೈ ತಣ್ಣಗಿತ್ತು. ನಾನು ಕಾಗದವನ್ನು ಮೇಜಿನ ಮೇಲಿಟ್ಟು ನೋಡುತ್ತಲೇ ಕೂತೆ.

ಮಾರನೆಯ ದಿನ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕುವ ಸರದಿ. ದನ ಮೇಯಲು ಹೋಗುವ ಮುಂಚೆ ತಲುಪಬೇಕೆಂದು ನಾವು ಬೆಳಕು ಹರಿಯುತ್ತಲೇ ಹೊರಟೆವು. ಅಕ್ಕಾಯಮ್ಮನ ತೋಟ ದಾರಿಯಲ್ಲೇ ಇತ್ತು. ಹೇಳದೆ ಕೇಳದೆ ಒಳಗೆ ನಡೆದೆವು.

ಜಗಲಿಯ ಮೇಲೆ ಅಕ್ಕಾಯಮ್ಮ ಕಾಲು ಚಾಚಿ ಕೂತಿದ್ದಳು. ಮಡಿಲಲ್ಲಿ ನಲ್ಲೋಡಿನ ತಲೆ. ಪಕ್ಕದಲ್ಲಿ ಸೀಮೆಎಣ್ಣೆ ತುಂಬಿದ ತೆಂಗಿನ ಚಿಪ್ಪು. ನಾಯಿಯ ಕಿವಿ ಮಡಿಸಿ, ಕನ್ನಡಕದ ಮೇಲಿಂದ ನೋಡುತ್ತ, ಒಂದೊಂದೇ ಉಣ್ಣೆ ಕಿತ್ತು ಚಿಪ್ಪಿಗೆ ಹಾಕುತ್ತಿದ್ದಳು. ಚಿಪ್ಪಿನ ತಳ ಕಾಣದಷ್ಟು ಉಣ್ಣೆ ಬಿದ್ದಿದ್ದವು.

ನನ್ನನ್ನು ಕಂಡದ್ದೇ ಚಿಪ್ಪನ್ನು ಸೆರಗಿನಡಿಗೆ ಸರಿಸಿದಳು. ಸೀಮೆಎಣ್ಣೆಯ ವಾಸನೆಯನ್ನು ಯಾವ ಸೆರಗು ಮುಚ್ಚೀತು?

"ಅವ್ವಾ, ಏನದು?"

"ಏಮೀ ಲೇದು ತಲ್ಲಿ. ಏನೂ ಇಲ್ಲ."

ನಾನು ನಾಯಿಯ ಪಕ್ಕ ಕೂತು ಥರ್ಮಾಮೀಟರ್ ಇಟ್ಟೆ. ಮೈ ಕಾದ ಹೆಂಚಿನ ಹಾಗಿತ್ತು. "ಆಸ್ಪತ್ರೆಗೆ ಬಂದಾಗ ಈ ಜ್ವರ ಎಲ್ಲಿ ಹೋಗ್ತಿತ್ತು?" ಎಂದೆ.  ಸದ್ದು ಕೇಳಿ ಹಾಲಿನ ಕ್ಯಾನು ಹಿಡಿದುಕೊಂಡೇ ಬಂದ ಸರೋಜಮ್ಮ, ಚಿಪ್ಪನ್ನೂ ಅತ್ತೆಯನ್ನೂ ನೋಡಿ ಬಿಟ್ಟ ಕಣ್ಣು ಬಿಟ್ಟಂತೆ ನಿಂತಳು. ಕೊನೆಗೆ ಅಕ್ಕಾಯಮ್ಮ ನೆಲ ನೋಡುತ್ತ ಹೇಳಿದಳು. ತನಗೆ ಜ್ವರ ಬಂದಾಗ ಕೊಟ್ಟಿದ್ದ ಮಾತ್ರೆಯನ್ನು ಪುಡಿ ಮಾಡಿ, ಬೆಲ್ಲದಲ್ಲಿ ಕಲಸಿ, ಆಸ್ಪತ್ರೆಗೆ ಹೊರಡುವ ಮುಂಚೆ ನಾಯಿಯ ಬಾಯಿಗೆ ಸವರುತ್ತಿದ್ದಳಂತೆ. ಮೀಯಿಸಿ, ಉಣ್ಣೆ ಕಿತ್ತು, ಜ್ವರ ಇಳಿಸಿ, ಕುಂಕುಮ ಇಟ್ಟು, ಆಮೇಲೆ ನನ್ನ ಮುಂದೆ ತರುತ್ತಿದ್ದಳು.

ನನಗೆ ಇನ್ನೊಂದು ಅನುಮಾನ ಬಂತು. "ಆ ಡಬ್ಬಿಯಲ್ಲಿ ಕಳಿಸಿದ್ದು?"

"ಅದು ಪಕ್ಕದ ತೋಟದ ನಾಯಿದಮ್ಮಾ. ಅದು ಗುಂಡುಕಲ್ಲಿನಂಗೈತೆ, ಒಳ್ಳೇದು ಬರ್ತದೆ ಅಂತ..."

"ಅತ್ತೇ! ಅದನ್ನ ನಾನು ದೇವ್ರ ಪ್ರಸಾದದಂಗೆ ಹಿಡ್ಕೊಂಡು ಹೋಗಿದ್ನಲ್ಲ!" ಎಂದು ಸರೋಜಮ್ಮ ಕೂಗಿದಳು. ಮುನಿವೆಂಕಟಪ್ಪ ನಗು ತಡೆಯಲಾರದೆ ಮಾವಿನ ಮರದ ಹಿಂದಕ್ಕೆ ಹೋದ. ನಾನು ಬಯ್ಯಬೇಕೆಂದು ಬಾಯಿ ತೆರೆದೆ. ನನ್ನ ಬಾಯಿ ಜೋರು, ಅದು ಇಡೀ ತಾಲ್ಲೂಕಿಗೆ ಗೊತ್ತು. ಆದರೆ ಅಕ್ಕಾಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಹಿಂದೆ ನಮ್ಮೂರಲ್ಲಿ ಒಂದು ನಾಯಿಗೆ ಪರೀಕ್ಷೆ ಮಾಡ್ಬೇಕು ಅಂದ್ರು. ಸಂಜೆಗೆ ಹುಚ್ಚು ಹಿಡಿದೈತೆ ಅಂದ್ರು. ಹೊಡೆದು ಹೂತುಬಿಟ್ರು. ನಿನ್ನ ರಿಪೋರ್ಟಲ್ಲಿ ಕೆಟ್ಟದ್ದು ಬಂದ್ರೆ ಇವ್ನಿಗೂ ಸೂಜಿ ಹಾಕಿ ಮಲಗಿಸ್ಬಿಡ್ತೀಯ ಅಂತ ಭಯ ತಲ್ಲಿ. ಏನೂ ಇಲ್ಲ ಅಂತ ಬಂದ್ರೆ ಬಿಟ್ಬಿಡ್ತೀಯ ಅನ್ಕೊಂಡೆ. ನಾ ಬಿಡ್ಡ ವೀಡು. ನನ್ನ ಕೂಸಮ್ಮ ಇವ್ನು."

ಕಾಲೇಜಿನಲ್ಲಿ ನಮಗೆ ರೋಗದ ಬಗ್ಗೆ ಬೇಕಾದಷ್ಟು ಹೇಳಿಕೊಟ್ಟಿದ್ದರು. ರೋಗದ ಹೆಸರು ಕೇಳಲು ಹೆದರುವವರ ಬಗ್ಗೆ ಯಾರೂ ಹೇಳಿರಲಿಲ್ಲ. ನಾನು ಜಗಲಿಯ ಮೇಲೆ ಅವಳ ಪಕ್ಕಕ್ಕೆ ಸರಿದು ಕೂತೆ. "ಅವ್ವಾ, ಇವನಿಗೆ ಹುಚ್ಚಿಲ್ಲ. ಇವನಿಗೆ ಏನಿದೆ ಅಂತ ಗೊತ್ತಾದ್ರೇನೇ ನಾನು ಉಳಿಸೋಕೆ ಆಗೋದು. ಮುಚ್ಚಿಟ್ರೆ ನನ್ನ ಕೈ ಕಟ್ಟಿ ಹಾಕಿದ ಹಾಗೆ. ಒಂದು ಸಲ ಇವನನ್ನ ಇದ್ದ ಹಾಗೇ ನನಗೆ ಬಿಟ್ಟುಕೊಡು" ಎಂದೆ. ಅವಳು ನಾಯಿಯ ಕಿವಿ ಸವರಿದಳು. ಆಮೇಲೆ ಚಿಪ್ಪನ್ನು ಸೆರಗಿನಡಿಯಿಂದ ತೆಗೆದು ನನ್ನ ಮುಂದೆ ಇಟ್ಟಳು.

ಇದನ್ನು ಓದುವ ಹೊಸ ಡಾಕ್ಟರುಗಳೇ, ಏನು ತೊಂದರೆ ಎಂದು ಕೇಳಿ ಬಿಡಬೇಡಿ. ಮನೆಯಿಂದ ಹೊರಡುವ ಮುಂಚೆ ಏನೇನು ಮಾಡಿದಿರಿ ಎಂದೂ ಕೇಳಿ. ಹಾಗೇ, ಮನುಷ್ಯರ ಜ್ವರದ ಮಾತ್ರೆ ನಾಯಿಗೆ ವಿಷವಾಗಬಹುದು ಎಂದು ಸಿಕ್ಕಿದವರಿಗೆಲ್ಲ ಹೇಳಿ. ನಲ್ಲೋಡಿನ ಅದೃಷ್ಟ, ಅಕ್ಕಾಯಮ್ಮ ಕೊಟ್ಟದ್ದು ಚಿಟಿಕೆಯಷ್ಟು.

ಜ್ವರ ಏರಿದ್ದಾಗಲೇ ಕಿವಿಯ ಅಂಚಿನಿಂದ ರಕ್ತದ ಹನಿ ತೆಗೆದುಕೊಂಡೆ. ಲಸಿಕೆಯ ಕೆಲಸವನ್ನು ಮುನಿವೆಂಕಟಪ್ಪನಿಗೆ ಬಿಟ್ಟು, ಸರೋಜಮ್ಮನನ್ನು ಕರೆದುಕೊಂಡು ಆಸ್ಪತ್ರೆಗೆ ಓಡಿದೆ. ಗಾಜನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಒಂದೊಂದೇ ಸಾಲು ಸರಿಸುತ್ತ ಹೋದೆ. ಕುತ್ತಿಗೆ ಹಿಡಿದುಕೊಳ್ಳುವ ಹೊತ್ತಿಗೆ ಸಿಕ್ಕಿತು. ಒಂದು ಬಿಳಿ ರಕ್ತಕಣದ ಒಳಗೆ ನೇರಳೆ ಬಣ್ಣದ ಪುಟ್ಟ ಕಾಳುಗಳ ಗುಂಪು. "ಬಾ, ನೋಡು" ಎಂದೆ. ಸರೋಜಮ್ಮ ಒಂದು ಕಣ್ಣು ಮುಚ್ಚಿ ಬಗ್ಗಿದಳು. "ಅಯ್ಯೋ, ಇದು ನಮ್ಮ ಹಿಪ್ಪುನೇರಳೆ ಹಣ್ಣಿದ್ದಂಗೈತಲ್ಲ ಮೇಡಂ!" ಎಂದಳು. ಅದೇ. "ನಮ್ಮ ಪುಸ್ತಕಗಳಲ್ಲೂ ಆ ಹಣ್ಣಿಗೇ ಹೋಲಿಸ್ತಾರೆ" ಎಂದೆ. ಫೋನಿನಲ್ಲಿ ಅದರ ಚಿತ್ರ ಹಿಡಿದು ಕೋಲಾರದ ಲ್ಯಾಬಿನ ಸ್ನೇಹಿತೆಗೆ ಕಳಿಸಿದೆ. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಉತ್ತರ ಬಂತು: ಉಣ್ಣೆ ಜ್ವರವೇ, ತಡ ಮಾಡಬೇಡಿ.

ರೋಗದ ಹೆಸರು ಸಿಕ್ಕಿತು, ನಾಯಿ ಸಿಕ್ಕಿರಲಿಲ್ಲ. ಕಣಗಳು ಅಷ್ಟು ಇಳಿದಮೇಲೆ ಉಳಿಯುತ್ತದೆ ಎಂದು ಎದೆ ತಟ್ಟಿ ಹೇಳುವ ಹಾಗಿರಲಿಲ್ಲ. ಅದನ್ನು ಅಕ್ಕಾಯಮ್ಮನಿಗೆ ಮುಚ್ಚುಮರೆ ಇಲ್ಲದೆ ಹೇಳಿದೆ. ಮುಚ್ಚಿಡಬೇಡ ಎಂದು ಅವಳಿಗೆ ಹೇಳಿ ನಾನು ಮುಚ್ಚಿಡಲಾದೀತೇ? ಅವಳು ತಲೆಯಾಡಿಸಿದಳು. ಗ್ಲೂಕೋಸ್ ಬಾಟಲಿಯನ್ನು ಮಾವಿನ ಕೊಂಬೆಗೆ ಕಟ್ಟಿ ಡ್ರಿಪ್ ಹಾಕಿದೆವು. ಮುಗಿಯುವವರೆಗೂ ಅವಳು ನಾಯಿಯ ಪಂಜ ಹಿಡಿದು, "ಭಯಪಡಕು ನಾಯನಾ" ಎಂದು ತೆಲುಗಿನಲ್ಲಿ ಸಮಾಧಾನ ಹೇಳುತ್ತಲೇ ಇದ್ದಳು.

ಮಾತ್ರೆ ಕೊಟ್ಟು, "ಹಾಲಿನ ಜೊತೆ ಕೊಡಬಾರದು, ಹಾಲು ಈ ಔಷಧಿಯ ಬಲ ತಿಂದುಹಾಕುತ್ತೆ" ಎಂದಾಗ ಮಾತ್ರ ಜಗಳಕ್ಕೇ ನಿಂತಳು. ಹಾಲಿನ ಮನೆಯ ಹೆಂಗಸು. "ಹಾಲಿಲ್ದೆ ಮಾತ್ರೆನಾ? ಶತ್ರುಗೂ ಹಂಗೆ ಕೊಡಲ್ಲ ಕಣಮ್ಮ ನಾವು!" ಕೊನೆಗೆ ಮೆತ್ತಗಿನ ಮುದ್ದೆಯ ಚೂರಿನಲ್ಲಿ ಹುದುಗಿಸಿ ನುಂಗಿಸುವುದು ಎಂದು ರಾಜಿಯಾಯಿತು. "ಅವನ ಜೊತೆ ನೀನೂ ಸ್ವಲ್ಪ ಊಟ ಮಾಡವ್ವಾ, ಕಾಯಬೇಡ" ಎಂದೆ. "ಅವ್ನು ತಿನ್ಲಿ, ಆಮೇಲೆ ನೋಡಾಣ" ಎಂದಳು. ಅದರಲ್ಲಿ ರಾಜಿ ಇಲ್ಲ. ಸರೋಜಮ್ಮನನ್ನು ಪಕ್ಕಕ್ಕೆ ಕರೆದು, ಇವತ್ತೇ ಅತ್ತೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಶುಗರ್ ನೋಡಿಸು ಎಂದೆ. "ನಾಯಿನ ಬಿಟ್ಟು ಬರಲ್ಲ ಅಂತಾರೆ ಮೇಡಂ" ಎಂದು ಅವಳು ಅಳುವ ಹಾಗಾದಳು.

ಅದಾದ ಮೇಲೆ ಕೋಲಾರದಲ್ಲಿ ತಿಂಗಳ ಮೀಟಿಂಗ್ ಇತ್ತು. ಯಾವ ತಾಲ್ಲೂಕಿನಲ್ಲಿ ಎಷ್ಟು ಲಸಿಕೆ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತಿದ್ದರು. ನನ್ನ ಸರದಿ ಬರುವ ಹೊತ್ತಿಗೆ ಸರಿಯಾಗಿ ಮೇಜಿನ ಮೇಲೆ ಫೋನು ನಡುಗಿತು. ಸರೋಜಮ್ಮ. ಯಾರನ್ನೂ ಕೇಳದೆ ಎದ್ದು ವರಾಂಡಕ್ಕೆ ಬಂದೆ. ಆ ಕಡೆ ಬರೀ ಅಳು. 

"ಹೋಯ್ತಾ ಸರೋಜಮ್ಮ?"

"ಇಲ್ಲ ಮೇಡಂ... ಇವ್ನು ಎದ್ದು ಬಂದು ತಟ್ಟೆ ನೆಕ್ಕಿ ಖಾಲಿ ಮಾಡ್ದ. ಅತ್ತೆ ಒಂದು ಮುದ್ದೆ ತಿಂದ್ರು. ಇನ್ನೊಂದು ಇಕ್ಕು ಅಂತಾವ್ರೆ."

 ಅಷ್ಟರಲ್ಲಿ ಫೋನಿನಲ್ಲೇ ಅವಳ ಹಿಂದಿನಿಂದ ಅಕ್ಕಾಯಮ್ಮನ ದನಿ ಕೇಳಿಸಿತು: "ಆ ಡಾಕ್ಟ್ರಮ್ಮನತಾವ ಆಮೇಲೆ ಮಾತಾಡ್ಕೊಳ್ಳೇ. ಇಲ್ಲಿ ತಟ್ಟೆ ಒಣಗ್ತೈತೆ, ಮೊದ್ಲು ಸಾರು ಬಿಡು ಬಾ."

ಸರೋಜಮ್ಮ ನನಗೊಂದು ಮಾತೂ ಹೇಳದೆ ಫೋನು ಇಟ್ಟು ಓಡಿದಳು.